ಸಾಲೋಟಗಿಯನ್ನು ತಡೆಯದ ಫಿಲ್ಟರ್: ಕನ್ನಡ ವಿಕಿಗೊಂದು ಪ್ಲಗಿನ್ ಮಾಡುವ ಬಗೆ

ವಿಜಯಪುರದಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ವಿಕಿ ನಡೆಸುತ್ತೇವೆ. ಜಿಲ್ಲೆಯ ಊರುಗಳ ಹೆಸರು, ಗುಡಿ, ಭಾವಿ, ಶಾಸನ, ಜಾತ್ರೆ, ಎಲ್ಲವನ್ನೂ ಆಯಾ ಊರಿನವರೇ ಬರೆಯಬೇಕು ಅನ್ನೋದು ನಮ್ಮ ಆಸೆ. ಸಾಫ್ಟ್‌ವೇರ್ ಮೀಡಿಯಾವಿಕಿ. ವಿಕಿಪೀಡಿಯ ನಡೆಯುವುದೂ ಇದರಲ್ಲೇ. ಶುರುವಾದ ಕೆಲವೇ ತಿಂಗಳಿಗೆ ಸ್ಪ್ಯಾಮ್ ಬರತೊಡಗಿತು. 'ಐದು ನಿಮಿಷದಲ್ಲಿ ಸಾಲ, ದಾಖಲೆ ಬೇಡ, ಈ ನಂಬರಿಗೆ ಕರೆ ಮಾಡಿ' ಅನ್ನೋ ಥರದ್ದು. ಅಳಿಸಿ ಅಳಿಸಿ ಸಾಕಾಗಿ ನಾನು ಸೆಟ್ಟಿಂಗ್ಸ್ ಫೈಲಿಗೆ ಒಂದು ನಿಯಮ ಸೇರಿಸಿದೆ: ಬರಹದಲ್ಲಿ 'ಸಾಲ' ಇದ್ದರೆ ಸೇವ್ ಆಗಬಾರದು.

ಮುಂದಿನ ವಾರ ಇಂಡಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿದರು. "ನಮ್ಮೂರ ಹೆಸರ ತಗೊಳವಲ್ದ್ರಿ ಇದು. ಮೂರ್ ಸಲ ಬರದೆ, ಮೂರ್ ಸಲಾನೂ ಬ್ಯಾಡ ಅಂತು" ಅಂದರು. ಅವರ ಊರು ಸಾಲೋಟಗಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದಲ್ಲಿ, 945ರಲ್ಲಿ, ಅಲ್ಲಿನ ವಿದ್ಯಾಕೇಂದ್ರಕ್ಕೆ ಕೊಟ್ಟ ದತ್ತಿಗಳನ್ನು ಹೇಳುವ ಕಂಬ ಶಾಸನ ಇರುವ ಊರು. ಬೇರೆ ಬೇರೆ ನಾಡುಗಳಿಂದ ಹುಡುಗರು ಓದಲು ಬರುತ್ತಿದ್ದ ಜಾಗ. ಅದರ ಬಗ್ಗೆ ಬರೆಯಲು ಕೂತ ಮಾಸ್ತರರನ್ನು ನನ್ನ ನಿಯಮ ಸಾಲದ ಏಜೆಂಟ್ ಅಂತ ತಿಳಿದು ಹೊರಗೆ ಹಾಕಿತ್ತು.

ಅವತ್ತೇ ಆ ನಿಯಮ ತೆಗೆದೆ. ಆಮೇಲೆ ಮಾಡಿದ ಪ್ಲಗಿನ್ ಇದು. ಹೇಗೆ ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಸ್ವಲ್ಪ ಪಿಎಚ್‌ಪಿ ಗೊತ್ತಿದ್ದರೆ ಸಾಕು. ಫಂಕ್ಷನ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಪ್ಲಗಿನ್‌ಗಿಂತ ಮೊದಲು

ಸ್ಪ್ಯಾಮ್‌ನಲ್ಲಿ ಎರಡು ಬಗೆ. ಒಂದು, ಯಂತ್ರಗಳು ಸುರಿಯುವುದು. ಇನ್ನೊಂದು, ಮನುಷ್ಯರೇ ಕೂತು ಹಾಕುವುದು. ಮೊದಲನೆಯದಕ್ಕೆ ಪ್ಲಗಿನ್ ಬರೆಯುವುದು ಬೇಕಿಲ್ಲ. ಮೀಡಿಯಾವಿಕಿ ಜೊತೆಗೇ ಕನ್ಫರ್ಮ್‌ಎಡಿಟ್ ಅನ್ನೋ ಎಕ್ಸ್‌ಟೆನ್ಶನ್ (ಪ್ಲಗಿನ್‌ಗೆ ಇಲ್ಲಿನ ಹೆಸರು) ಬರುತ್ತದೆ. ಅದರಲ್ಲಿ ಕ್ವೆಸ್ಟಿಕ್ಯಾಪ್ಚಾ ಅಂತ ಒಂದು ಆಯ್ಕೆ ಇದೆ. ಖಾತೆ ತೆರೆಯುವಾಗ ನೀವು ಬರೆದಿಟ್ಟ ಪ್ರಶ್ನೆಯನ್ನೇ ಅದು ಕೇಳುತ್ತದೆ. 'ಗೋಳಗುಮ್ಮಟ ಯಾವ ಊರಲ್ಲಿದೆ?' ಅಂತ ಕನ್ನಡದಲ್ಲಿ ಕೇಳಿ. ಉತ್ತರಕ್ಕೆ ವಿಜಯಪುರ, ಬಿಜಾಪುರ, ವಿಜಾಪುರ ಮೂರನ್ನೂ ಒಪ್ಪಿಕೊಳ್ಳಿ. ನಮ್ಮಲ್ಲಿ ಯಂತ್ರಗಳ ಕಾಟ ಇದರಿಂದಲೇ ಬಹುಪಾಲು ನಿಂತಿತು.

ಇನ್ನೊಂದು ಸೆಟ್ಟಿಂಗ್ ನೋಡಿ. ಹೊಸ ಸದಸ್ಯ ಎಷ್ಟು ದಿನ, ಎಷ್ಟು ಎಡಿಟ್ ಆದ ಮೇಲೆ ಪರಿಚಿತ ಅನ್ನಿಸಿಕೊಳ್ಳುತ್ತಾನೆ ಅನ್ನುವುದಕ್ಕೆ ಮೀಡಿಯಾವಿಕಿಯಲ್ಲಿ ಎರಡು ಸಂಖ್ಯೆಗಳಿವೆ: ಆಟೋಕನ್ಫರ್ಮ್‌ಏಜ್ ಮತ್ತು ಆಟೋಕನ್ಫರ್ಮ್‌ಕೌಂಟ್. ಎರಡೂ ಮೊದಲಿಗೆ 0 ಇರುತ್ತವೆ. ಅಂದರೆ ಖಾತೆ ತೆರೆದ ಕ್ಷಣವೇ ಎಲ್ಲರೂ ಪರಿಚಿತರು! ನಾವು 4 ದಿನ, 10 ಎಡಿಟ್ ಅಂತ ಇಟ್ಟಿದ್ದೇವೆ. ದಿನವನ್ನು ಸೆಕೆಂಡಿನಲ್ಲಿ ಬರೆಯಬೇಕು, 4 ದಿನಕ್ಕೆ 345600. ಮುಂದೆ ನಮ್ಮ ಪ್ಲಗಿನ್‌ಗೂ ಇದು ಬೇಕಾಗುತ್ತದೆ.

ಅಬ್ಯೂಸ್‌ಫಿಲ್ಟರ್ ಅನ್ನೋ ಸಿದ್ಧ ಎಕ್ಸ್‌ಟೆನ್ಶನ್ ಇದೆ ಅಲ್ವಾ, ಅದನ್ನೇ ಯಾಕೆ ಬಳಸಬಾರದು ಅಂತ ನೀವು ಕೇಳಬಹುದು. ಬಳಸಬಹುದು. ಅದು ಬಹಳ ಶಕ್ತಿಯುಳ್ಳದ್ದು, ದೊಡ್ಡ ವಿಕಿಗಳು ಅದರ ಮೇಲೇ ನಿಂತಿವೆ. ಆದರೆ ಅದರಲ್ಲಿ ನಿಯಮ ಬರೆಯಲು ಅದರದೇ ಸಂಕೇತಗಳೂ, ಎಷ್ಟೋ ಸಲ ರೆಗೆಕ್ಸೂ (ಬರಹದಲ್ಲಿ ಮಾದರಿ ಹುಡುಕುವ ಸೂತ್ರ) ಗೊತ್ತಿರಬೇಕು. ನಮ್ಮ ವಿಕಿಯ ಅಡ್ಮಿನ್‌ಗಳಲ್ಲಿ ಒಬ್ಬರು ಗ್ರಂಥಪಾಲಕಿ, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಅವರು ಒಂದು ಪುಟ ತೆರೆದು ಒಂದು ಪದ ಸೇರಿಸಿದರೆ ಸಾಕು, ಕನ್ನಡದ ತೊಡಕನ್ನೆಲ್ಲ ಪ್ಲಗಿನ್ ನೋಡಿಕೊಳ್ಳಬೇಕು ಅನ್ನೋದು ನನ್ನ ಹಟ.

ಹೆಜ್ಜೆ 1: ಫೋಲ್ಡರ್ ಕಟ್ಟುವುದು

ಎಕ್ಸ್‌ಟೆನ್ಶನ್ಸ್ ಫೋಲ್ಡರಿನ ಒಳಗೆ ನಿಮ್ಮ ಪ್ಲಗಿನ್ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ. ನಮ್ಮದಕ್ಕೆ 'ಜರಡಿ' ಅಂತ ಹೆಸರಿಟ್ಟಿದ್ದೇವೆ. ಅದರೊಳಗೆ ಇಷ್ಟು ಬೇಕು: ಎಕ್ಸ್‌ಟೆನ್ಶನ್ ಡಾಟ್ ಜೇಸನ್ ಫೈಲ್, ಪಿಎಚ್‌ಪಿ ಫೈಲುಗಳಿಗೆ ಎಸ್‌ಆರ್‌ಸಿ ಫೋಲ್ಡರ್, ಸಂದೇಶಗಳಿಗೆ ಐ18ಎನ್ ಫೋಲ್ಡರ್.

ಜೇಸನ್ ಫೈಲಿನಲ್ಲಿ ಪ್ಲಗಿನ್ ಹೆಸರು, ಯಾವ ಮೀಡಿಯಾವಿಕಿ ಆವೃತ್ತಿ ಬೇಕು, ಕ್ಲಾಸುಗಳು ಎಲ್ಲಿವೆ, ಯಾವ ಹುಕ್‌ಗೆ ಯಾವ ಕ್ಲಾಸ್ ಅನ್ನುವುದನ್ನು ಬರೆಯುತ್ತೇವೆ. ಹುಕ್ ಅಂದರೆ ಮೀಡಿಯಾವಿಕಿ ತನ್ನ ಕೆಲಸದ ನಡುವೆ ನಮ್ಮ ಕೋಡನ್ನು ಕರೆಯುವ ಜಾಗ. ಮ್ಯಾನಿಫೆಸ್ಟ್ ಆವೃತ್ತಿ 2 ಅಂತ ಇಡಿ. ಈ ಫೈಲಿನಲ್ಲಿ ಕೊನೆಗೆ ಒಂದು ಕಾಮಾ ಹೆಚ್ಚಾದರೂ ಇಡೀ ವಿಕಿ ತೆರೆಯುವುದಿಲ್ಲ. ಆದ್ದರಿಂದ ಓಡುವ ವಿಕಿಯ ಮೇಲೆ ನೇರ ಕೈ ಹಾಕಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಇಟ್ಟು ಅಲ್ಲಿ ಮೊದಲು ನೋಡಿ. ಆಮೇಲೆ ಲೋಕಲ್‌ಸೆಟ್ಟಿಂಗ್ಸ್ ಫೈಲಿನ ಕೊನೆಗೆ ಡಬ್ಲ್ಯುಎಫ್‌ಲೋಡ್‌ಎಕ್ಸ್‌ಟೆನ್ಶನ್ ಅಂತ ಬರೆದು ಕಂಸದಲ್ಲಿ ಪ್ಲಗಿನ್ ಹೆಸರು ಕೊಡಿ. 'ವಿಶೇಷ:ಆವೃತ್ತಿ' ಪುಟದಲ್ಲಿ ಹೆಸರು ಕಂಡರೆ ಕೂತಿದೆ ಅಂತ ಅರ್ಥ.

ಹೆಜ್ಜೆ 2: ಬಾಗಿಲಲ್ಲಿ ನಿಲ್ಲುವುದು

ಬರಹ ಸೇವ್ ಆಗುವ ಮುಂಚೆ ನಮ್ಮನ್ನು ಕೇಳು ಅಂತ ಮೀಡಿಯಾವಿಕಿಗೆ ಹೇಳಬೇಕು. ಅದಕ್ಕಿರುವ ಹುಕ್ ಎಡಿಟ್‌ಫಿಲ್ಟರ್‌ಮರ್ಜ್ಡ್‌ಕಂಟೆಂಟ್. ಹೆಸರಿನ 'ಮರ್ಜ್ಡ್' ಭಾಗವನ್ನು ಗಮನಿಸಿ. ಯಾರಾದರೂ ಪುಟದ ಒಂದೇ ವಿಭಾಗ ತಿದ್ದಿದರೂ, ಅದನ್ನು ಪೂರ್ತಿ ಪುಟಕ್ಕೆ ಸೇರಿಸಿದ ಮೇಲಿನ ಬರಹ ನಮ್ಮ ಕೈಗೆ ಬರುತ್ತದೆ. ಜೊತೆಗೆ ಬರೆದವರು ಯಾರು, ಎಡಿಟ್ ಸಾರಾಂಶ ಏನು ಅನ್ನುವುದೂ ಬರುತ್ತದೆ. ಪುಟದ ಹೆಸರು ಬದಲಿಸುವುದು, ಫೋಟೋ ಅಪ್‌ಲೋಡ್ ಮಾಡುವುದು ಈ ಬಾಗಿಲಿಂದ ಬರುವುದಿಲ್ಲ, ಅವಕ್ಕೆ ಬೇರೆ ಹುಕ್‌ಗಳಿವೆ.

ಪೂರ್ತಿ ಪುಟ ಸಿಕ್ಕಿತು ಅಂತ ಪೂರ್ತಿ ಪುಟವನ್ನೇ ಜರಡಿ ಹಿಡಿಯಬೇಡಿ. ಹಳೇ ಪುಟದಲ್ಲಿ ಯಾರೋ ಎಂದೋ ಬರೆದ ಪದಕ್ಕೆ ಇವತ್ತು ಒಂದು ಕಾಗುಣಿತದ ತಪ್ಪು ತಿದ್ದಲು ಬಂದವರು ಸಿಕ್ಕಿಬೀಳುತ್ತಾರೆ. ಹಳೇ ಬರಹವನ್ನು ಪುಟದಿಂದ ತೆಗೆದುಕೊಂಡು, ಎರಡನ್ನೂ ಸಾಲು ಸಾಲಾಗಿ ಒಡೆದು, ಅರೇ‌ಡಿಫ್ ಫಂಕ್ಷನ್‌ಗೆ ಕೊಡಿ. ಹೊಸದಾಗಿ ಸೇರಿದ ಅಥವಾ ಬದಲಾದ ಸಾಲುಗಳಷ್ಟೇ ಉಳಿಯುತ್ತವೆ. ಅವನ್ನು ಮಾತ್ರ ನೋಡಿ.

ತಡೆಯಬೇಕಾದರೆ ಏನು ಮಾಡಬೇಕು ಅನ್ನುವಲ್ಲಿ ನಾನು ಎರಡು ದಿನ ಕಳೆದೆ. ಹುಕ್‌ನಿಂದ 'ಫಾಲ್ಸ್' ಅಂತ ಮರಳಿಸಿದರೆ ಸೇವ್ ನಿಲ್ಲುತ್ತದೆ, ನಿಜ. ಆದರೆ ಬರೆದವರ ಮುಂದೆ ಎಡಿಟ್ ಪೆಟ್ಟಿಗೆ ವಾಪಸ್ ಬರುವುದಿಲ್ಲ. ಅರ್ಧ ಗಂಟೆ ಕೂತು ಮೊಬೈಲಿನಲ್ಲಿ ಬರೆದವರಿಗೆ ಎಷ್ಟು ನೋವಾಗುತ್ತದೆ ಯೋಚಿಸಿ. ಅದಕ್ಕೆ, ಸ್ಟೇಟಸ್ ವಸ್ತುವಿಗೆ 'ಫೇಟಲ್' ಮೂಲಕ ನಿಮ್ಮ ಸಂದೇಶ ಸೇರಿಸಿ, ಅದರ 'ವ್ಯಾಲ್ಯೂ'ಗೆ ಹುಕ್ ಎರರ್ ಎಕ್ಸ್‌ಪೆಕ್ಟೆಡ್ ಅನ್ನೋ ಸ್ಥಿರಾಂಕ ಕೊಟ್ಟು, ಆಮೇಲೆ ಫಾಲ್ಸ್ ಮರಳಿಸಿ. ಆಗ ಸಂದೇಶದ ಜೊತೆ ಅವರು ಬರೆದದ್ದು ಪೆಟ್ಟಿಗೆಯಲ್ಲಿ ಹಾಗೇ ಕಾಣುತ್ತದೆ.

ಹೆಜ್ಜೆ 3: ಕಂಪ್ಯೂಟರಿಗೆ ಕಾಗುಣಿತ ಕಲಿಸುವುದು

ಇಡೀ ಪ್ಲಗಿನ್‌ನ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ನಮಗೆ 'ಲೋ' ಒಂದು ಅಕ್ಷರ. ಕಂಪ್ಯೂಟರಿಗೆ ಅದು ಎರಡು: 'ಲ' ಒಂದು, ಓತ್ವದ ಗುರುತು ಇನ್ನೊಂದು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ವ್ಯವಸ್ಥೆ) ಕನ್ನಡಕ್ಕೆ ಕೊಟ್ಟ 128 ಮನೆಗಳಲ್ಲಿ ವ್ಯಂಜನಗಳಿಗೂ ಗುಣಿತದ ಗುರುತುಗಳಿಗೂ ಬೇರೆ ಬೇರೆ ಮನೆ. 'ಬಾಗಲಕೋಟೆ' ನಮಗೆ ಐದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 8. ಸ್ಟ್ರ್‌ಲೆನ್ ಫಂಕ್ಷನ್ ಕೇಳಿದರೆ 24 ಅನ್ನುತ್ತದೆ, ಯಾಕೆಂದರೆ ಅದು ಬೈಟ್ ಎಣಿಸುತ್ತದೆ, ಕನ್ನಡದ ಪ್ರತಿ ಗುರುತಿಗೂ ಯುಟಿಎಫ್-8ನಲ್ಲಿ 3 ಬೈಟ್.

ಈಗ 'ಸಾಲೋಟಗಿ' ನೋಡಿ. ಸ, ಆತ್ವ, ಲ, ಓತ್ವ, ಹೀಗೆ ಸಾಗುತ್ತದೆ. ಮೊದಲ ಮೂರು ಸೇರಿದರೆ 'ಸಾಲ'! ಕಂಪ್ಯೂಟರ್ ಅಲ್ಲೇ ಹಿಡಿಯಿತು. ಅದೇ ಲೆಕ್ಕದಲ್ಲಿ 'ಮಸಾಲೆ'ಯೂ ಸಿಕ್ಕಿಬೀಳುತ್ತದೆ. ಬಾದಾಮಿ, ಪಟ್ಟದಕಲ್ಲಿನ ಪುಟದಲ್ಲಿ 'ಕಂಬಗಳ ಸಾಲು' ಅಂತ ಬರೆದವರೂ ಸಿಕ್ಕಿಬೀಳುತ್ತಾರೆ.

ಪದದ ಅಂಚು ಹುಡುಕಲು ರೆಗೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬಿ ಇದೆಯಲ್ಲ ಅಂತ ಅನಿಸಬಹುದು. ಅದು ಇಂಗ್ಲಿಷಿಗೆ ಸರಿ. ಪಿಎಚ್‌ಪಿ ಬಳಸುವ ಪಿಸಿಆರ್‌ಇ ಅನ್ನೋ ರೆಗೆಕ್ಸ್ ಲೈಬ್ರರಿಯ ಎಷ್ಟೋ ಆವೃತ್ತಿಗಳು ಗುಣಿತದ ಗುರುತನ್ನು ಪದದ ಭಾಗ ಅಂತಲೇ ಎಣಿಸುವುದಿಲ್ಲ. 'ಲ' ಆದ ಕೂಡಲೇ ಪದ ಮುಗಿಯಿತು ಅಂದುಕೊಳ್ಳುತ್ತವೆ. ಆದ್ದರಿಂದ ಅಂಚನ್ನು ನಾವೇ ಹೇಳಬೇಕು:

ಎಡಗಡೆ: ಪದಕ್ಕಿಂತ ಮುಂಚೆ ಯಾವ ಅಕ್ಷರವೂ, ಗುಣಿತದ ಗುರುತೂ ಇರಬಾರದು. ಯೂನಿಕೋಡ್ ವರ್ಗಗಳಲ್ಲಿ ಅಕ್ಷರಕ್ಕೆ 'ಎಲ್', ಗುರುತಿಗೆ 'ಎಂ'. ರೆಗೆಕ್ಸ್‌ನಲ್ಲಿ ಹಿಂದೆ ನೋಡಿ 'ಇಲ್ಲ' ಅನ್ನುವ ಷರತ್ತಿನಲ್ಲಿ ಈ ಎರಡನ್ನೂ ಹಾಕಿ. 'ಮಸಾಲೆ' ಬಿಡುಗಡೆ.

ಬಲಗಡೆ: ಪದದ ಕೊನೆಯ ಅಕ್ಷರಕ್ಕೆ ಬೇರೆ ಗುಣಿತದ ಗುರುತು ಅಂಟಿರಬಾರದು. ಮುಂದೆ ನೋಡಿ 'ಎಂ' ಇಲ್ಲ ಅನ್ನುವ ಷರತ್ತು. 'ಸಾಲು', 'ಸಾಲೋಟಗಿ' ಬಿಡುಗಡೆ. ಆದರೆ ಮುಂದೆ ಬೇರೆ ಅಕ್ಷರ ಬರಬಹುದು ಅಂತ ಬಿಡಿ. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟುತ್ತದೆ: ಸಾಲದ, ಸಾಲಕ್ಕೆ, ಸಾಲವನ್ನು, ಸಾಲಗಳು. ಅವೆಲ್ಲ ಸಿಗಬೇಕು.

ಮಾದರಿಯ ಕೊನೆಗೆ 'ಯು' ಗುರುತು ಮರೆಯಬೇಡಿ. ಅದಿಲ್ಲದಿದ್ದರೆ ಎಲ್ಲವೂ ಬೈಟ್ ಲೆಕ್ಕದಲ್ಲಿ ನಡೆಯುತ್ತದೆ.

'ಲೋನ್' ಥರದ ಪದಗಳದು ಇನ್ನೊಂದು ಬಗೆ. ಕೊನೆಗೆ ಅರ್ಧಾಕ್ಷರ ಇದೆ. ಜನ ಬರೆಯುವುದು ಲೋನ್, ಲೋನು, ಲೋನಿಗೆ. ಅರ್ಧಾಕ್ಷರದ ಗುರುತು ಬಿದ್ದುಹೋಗಿ ಉತ್ವವೋ ಇತ್ವವೋ ಬರುತ್ತದೆ. ಹಾಗಾಗಿ ಪಟ್ಟಿಯ ಪದ ಅರ್ಧಾಕ್ಷರದಲ್ಲಿ ಮುಗಿದರೆ, ಆ ಗುರುತನ್ನು ತೆಗೆದು, ಅದರ ಜಾಗದಲ್ಲಿ ಅರ್ಧಾಕ್ಷರ, ಇತ್ವ, ಉತ್ವ ಮೂರರಲ್ಲಿ ಒಂದು ಇರಲಿ ಅಂತ ಪ್ಲಗಿನ್ ತಾನೇ ನಿಯಮ ಕಟ್ಟುವಂತೆ ಮಾಡಿ. ಬೇರೆ ಗುರುತು ಬಂದರೆ ಹಿಡಿಯುವುದು ಬೇಡ. ಲೋನಾವಳಾಕ್ಕೆ ಹೋಗಿಬಂದವರ ಬರಹ ಆಗ ಉಳಿಯುತ್ತದೆ.

ಇನ್ನು ಕಾಣದ ಗುರುತುಗಳು. 'ಲೋನ್‌ಗೆ', 'ಫೇಸ್‌ಬುಕ್‌ನಲ್ಲಿ' ಅಂತ ಸರಿಯಾಗಿ ಬರೆಯಲು ನಾವು ಶೂನ್ಯ ಅಗಲದ ಗುರುತು ಬಳಸುತ್ತೇವೆ. 'ರ‍್ಯಾಲಿ' ಬರೆಯಲು ಇನ್ನೊಂದು ಬೇಕು. ಸ್ಪ್ಯಾಮ್ ಹಾಕುವವರು ಇದೇ ಗುರುತುಗಳನ್ನು ಪದದ ನಡುವೆ ತುರುಕಿ ತಪ್ಪಿಸಿಕೊಳ್ಳುತ್ತಾರೆ. ಬರಹದ ಒಂದು ನಕಲು ಮಾಡಿಕೊಂಡು, ಆ ನಕಲಿನಿಂದ 200ಬಿ, 200ಸಿ, 200ಡಿ, ಎಫ್‌ಇಎಫ್‌ಎಫ್ ಸಂಖ್ಯೆಯ ಗುರುತುಗಳನ್ನೂ, ಫ಼ ಜ಼ಗಳ ಚುಕ್ಕೆಯಾದ 0ಸಿಬಿಸಿಯನ್ನೂ ತೆಗೆದುಹಾಕಿ. ಹೋಲಿಕೆ ನಕಲಿನ ಮೇಲೆ ಮಾತ್ರ. ಮೂಲ ಬರಹವನ್ನು ಮುಟ್ಟಲೇಬೇಡಿ, ಮುಟ್ಟಿದರೆ ಜನ ಚೆನ್ನಾಗಿ ಬರೆದ ಕನ್ನಡ ಕೆಡುತ್ತದೆ. ನಕಲಿನಲ್ಲಿಯೇ ಕನ್ನಡ ಅಂಕಿಗಳನ್ನೂ 0ರಿಂದ 9ಕ್ಕೆ ಬದಲಿಸಿಕೊಳ್ಳಿ. ಫೋನ್ ನಂಬರನ್ನು ಕನ್ನಡ ಅಂಕಿಯಲ್ಲಿ ಬರೆದು ದಾಟಿಸುವವರೂ ಇದ್ದಾರೆ.

ಹೆಜ್ಜೆ 4: ಒಂದು ಪದಕ್ಕೆ ಯಾರನ್ನೂ ತಡೆಯದಿರುವುದು

ಇಷ್ಟೆಲ್ಲ ಮಾಡಿದ ಮೇಲೂ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಸಿಕ್ಕಿಬೀಳುತ್ತದೆ. ರೈತರ ಸಾಲ ಮನ್ನಾ ಬಗ್ಗೆ ಬರೆದವರೂ ಸಿಕ್ಕಿಬೀಳುತ್ತಾರೆ. ಬೈಗುಳದ ಪಟ್ಟಿ ಮಾಡಹೋದರೆ ಕಷ್ಟ ಇನ್ನೂ ಜಾಸ್ತಿ. ಬೆಳಗಾವಿ ಹತ್ತಿರ ಸೂಳೇಭಾವಿ ಅನ್ನೋ ಊರಿದೆ, ಬಾಗಲಕೋಟೆ ಜಿಲ್ಲೆಯಲ್ಲೂ ಅದೇ ಹೆಸರಿನ ಊರಿದೆ. ಹನ್ನೆರಡನೇ ಶತಮಾನದ ವಚನಕಾರ್ತಿಯರಲ್ಲಿ ಸೂಳೆ ಸಂಕವ್ವೆ ಇದ್ದಾಳೆ. ಬಸವಣ್ಣ ಹುಟ್ಟಿದ ಜಿಲ್ಲೆಯ ವಿಕಿಯಲ್ಲಿ ವಚನಕಾರ್ತಿಯ ಹೆಸರು ಬರೆಯಲು ಆಗದಿದ್ದರೆ ಹೇಗೆ?

ಅದಕ್ಕೆ ಎರಡು ಉಪಾಯ. ಮೊದಲನೆಯದು 'ಬಿಡು' ಪಟ್ಟಿ. ಸಾಲಹಳ್ಳಿ, ಸೂಳೇಭಾವಿ, ಸೂಳೆ ಸಂಕವ್ವೆ ಇಂಥವನ್ನು ಅಲ್ಲಿ ಬರೆಯಿರಿ. ಹೋಲಿಕೆಗೆ ಮುಂಚೆ ನಕಲಿನಿಂದ ಇವನ್ನು ತೆಗೆದು ಜಾಗದಲ್ಲಿ ಖಾಲಿ ಬಿಡಿ.

ಎರಡನೆಯದು ಅಂಕ. ಯಾವ ಲಕ್ಷಣವೂ ಒಂದೇ ತಡೆಯಬಾರದು, ಎಲ್ಲ ಕೂಡಿಸಿ ನೋಡಬೇಕು. ನಮ್ಮ ಲೆಕ್ಕ ಹೀಗಿದೆ: ಪಟ್ಟಿಯ ಪದಕ್ಕೆ 1, 6ರಿಂದ 9ರೊಳಗೆ ಶುರುವಾಗುವ ಹತ್ತಂಕಿಯ ಮೊಬೈಲ್ ನಂಬರಿಗೆ 2, ಹೊರಗಿನ ಹೊಸ ಲಿಂಕಿಗೆ 1, ಬರೆದವರು ಇನ್ನೂ ಪರಿಚಿತರಲ್ಲದಿದ್ದರೆ 1. ಮೊತ್ತ 3 ಆದರೆ ಬರಹ ಸೇವ್ ಆಗುತ್ತದೆ, ಆದರೆ ಅದಕ್ಕೊಂದು ಟ್ಯಾಗ್ ಬೀಳುತ್ತದೆ. 4 ಅಥವಾ ಜಾಸ್ತಿ ಆದರೆ ತಡೆ. ಒಂದೇ ಪದ ಹತ್ತು ಸಲ ಬಂದರೂ 1 ಅಂಕವೇ ಇರಲಿ, ಇಲ್ಲದಿದ್ದರೆ ಸಹಕಾರಿ ಸಂಘದ ಇತಿಹಾಸ ಬರೆಯುವವರಿಗೆ ಅನ್ಯಾಯ ಆಗುತ್ತದೆ. ಸಾಲ ಮನ್ನಾ ಬರಹಕ್ಕೆ ಬರುವುದು 1, ಹೊಸಬರು ಬರೆದರೆ 2. 'ಐದು ನಿಮಿಷದಲ್ಲಿ ಸಾಲ, ಕರೆ ಮಾಡಿ' ಅಂತ ಹೊಸಬರು ಹಾಕಿದರೆ ನಂಬರ್ ಸೇರಿ ಸರಿಯಾಗಿ 4.

ಟ್ಯಾಗ್ ಹಾಕಲು ರೀಸೆಂಟ್‌ಚೇಂಜ್ ಸೇವ್ ಹುಕ್ ಬಳಸಿ, ಅದರಲ್ಲಿ ಆಡ್‌ಟ್ಯಾಗ್ಸ್ ಕರೆಯಿರಿ. ಟ್ಯಾಗ್ ಹೆಸರನ್ನು ಲಿಸ್ಟ್‌ಡಿಫೈನ್ಡ್‌ಟ್ಯಾಗ್ಸ್ ಮತ್ತು ಚೇಂಜ್‌ಟ್ಯಾಗ್ಸ್‌ಲಿಸ್ಟ್‌ಆಕ್ಟಿವ್ ಎಂಬ ಎರಡು ಹುಕ್‌ಗಳಲ್ಲಿ ಮೊದಲೇ ತಿಳಿಸಿರಬೇಕು. ಆಮೇಲೆ 'ಇತ್ತೀಚಿನ ಬದಲಾವಣೆಗಳು' ಪುಟದಲ್ಲಿ ಆ ಟ್ಯಾಗ್ ಆರಿಸಿದರೆ ಸಂಶಯದ ಎಡಿಟ್‌ಗಳೆಲ್ಲ ಒಂದೇ ಕಡೆ ಸಿಗುತ್ತವೆ.

ಹೆಜ್ಜೆ 5: ಪಟ್ಟಿ ಎಲ್ಲಿರಬೇಕು

ಕೋಡಿನಲ್ಲಂತೂ ಬೇಡ. ಮೀಡಿಯಾವಿಕಿ ನೇಮ್‌ಸ್ಪೇಸ್‌ನಲ್ಲಿ (ಹೆಸರು 'ಮೀಡಿಯಾವಿಕಿ:' ಅಂತ ಶುರುವಾಗುವ ಕಡೆ) ಒಂದು ಪುಟ ಮಾಡಿ, ಅದನ್ನು ಅಡ್ಮಿನ್‌ಗಳು ಮಾತ್ರ ತಿದ್ದಬಲ್ಲರು. ಸಾಲಿಗೊಂದು ಪದ. ಮುಂದೆ 'ಬಿಡು' ಅಂತ ಇದ್ದರೆ ಬಿಡಬೇಕಾದದ್ದು. ಪ್ಲಗಿನ್ ಒಳಗಿಂದ ಈ ಪುಟವನ್ನು ಸಂದೇಶದಂತೆ ಓದಬಹುದು, ವಿಕಿಯ ಭಾಷೆಯಲ್ಲಿ, ಇದ್ದ ಹಾಗೇ. ಪ್ರತಿ ಪದವನ್ನೂ ಪ್ರೆಗ್‌ಕೋಟ್ ಮಾಡಿಯೇ ರೆಗೆಕ್ಸ್‌ಗೆ ಸೇರಿಸಿ. ಯಾರೋ ಅರಿಯದೆ ಒಂದು ಚುಕ್ಕಿಯೋ ಕಂಸವೋ ಹಾಕಿದರೆ ಮಾದರಿ ಕೆಡಬಾರದು.

ಕೆಟ್ಟರೂ ಜನಕ್ಕೆ ತೊಂದರೆ ಆಗಬಾರದು. ಪ್ರೆಗ್‌ಮ್ಯಾಚ್ ಸಿಕ್ಕರೆ 1, ಸಿಗದಿದ್ದರೆ 0, ತಾನೇ ಎಡವಿದರೆ ಫಾಲ್ಸ್ ಕೊಡುತ್ತದೆ. ಸರಿಯಾಗಿ 1 ಬಂದಾಗ ಮಾತ್ರ ಅಂಕ ಕೊಡಿ. ಫಾಲ್ಸ್ ಬಂದರೆ ಲಾಗ್ ಬರೆದು ಬರಹವನ್ನು ಬಿಟ್ಟುಬಿಡಿ. ಸ್ಪ್ಯಾಮ್ ಒಂದು ದಿನ ಇದ್ದರೆ ಅಳಿಸಬಹುದು. ಬೇಜಾರಾಗಿ ಹೋದ ಬರಹಗಾರರು ಮತ್ತೆ ಬರುವುದಿಲ್ಲ.

ಹೆಜ್ಜೆ 6: ಸಂದೇಶ

ಐ18ಎನ್ ಫೋಲ್ಡರಿನಲ್ಲಿ ಕನ್ನಡಕ್ಕೆ ಕೆಎನ್ ಡಾಟ್ ಜೇಸನ್, ಇಂಗ್ಲಿಷಿಗೆ ಇಎನ್ ಡಾಟ್ ಜೇಸನ್. ನಮ್ಮ ಸಂದೇಶ ಹೀಗಿದೆ:

'ಈ ಬರಹ ಇನ್ನೂ ಸೇವ್ ಆಗಿಲ್ಲ. ಇದರಲ್ಲಿ ಫೋನ್ ನಂಬರ್ ಮತ್ತು ಜಾಹೀರಾತಿನಂಥ ಮಾತು ಒಟ್ಟಿಗೆ ಇವೆ. ನೀವು ಬರೆದದ್ದು ಕೆಳಗೆ ಹಾಗೇ ಇದೆ. ನಂಬರ್ ತೆಗೆದು ಮತ್ತೆ ಸೇವ್ ಮಾಡಿ. ನಿಮ್ಮದು ಜಾಹೀರಾತು ಅಲ್ಲದಿದ್ದರೆ ಅಡ್ಮಿನ್‌ಗಳಿಗೆ ತಿಳಿಸಿ, ನಾವು ನೋಡುತ್ತೇವೆ.'

ಯಾವ ಪದಕ್ಕೆ ಸಿಕ್ಕಿತು ಅಂತ ಹೇಳಬೇಕೋ ಬೇಡವೋ ಅಂತ ನಮ್ಮಲ್ಲಿ ಚರ್ಚೆ ಆಯಿತು. ಹೇಳಿದರೆ ಸ್ಪ್ಯಾಮ್‌ನವರು ಪದ ಬದಲಿಸುತ್ತಾರೆ. ಹೇಳದಿದ್ದರೆ ಮಾಸ್ತರರಂಥವರಿಗೆ ಏನು ತಿದ್ದಬೇಕು ಅಂತಲೇ ತಿಳಿಯುವುದಿಲ್ಲ. ಕೊನೆಗೆ ಕಾರಣದ ಬಗೆಯನ್ನು ಹೇಳುವುದು, ಪದವನ್ನು ಹೇಳದಿರುವುದು ಅಂತ ತೀರ್ಮಾನ ಮಾಡಿದೆವು.

ಹೆಜ್ಜೆ 7: ಪರೀಕ್ಷೆ, ಆಮೇಲೆ ಒಂದು ತಿಂಗಳು ಸುಮ್ನೆ ನೋಡುವುದು

ಹೋಲಿಕೆ ಮಾಡುವ ಕ್ಲಾಸ್ ಬೇರೆಯೇ ಇರಲಿ, ಅದರಲ್ಲಿ ಮೀಡಿಯಾವಿಕಿಯ ಯಾವ ಮಾತೂ ಬೇಡ. ಬರಹ ಕೊಟ್ಟರೆ ಅಂಕ ಕೊಡಬೇಕು, ಅಷ್ಟೇ. ಆಗ ವಿಕಿ ಇಲ್ಲದೆಯೂ ಕಮಾಂಡ್ ಲೈನಿನಲ್ಲಿ ಪರೀಕ್ಷೆ ಮಾಡಬಹುದು. ಎರಡು ಪಠ್ಯ ಫೈಲ್ ಮಾಡಿ. ಒಂದರಲ್ಲಿ ಬಿಡಲೇಬೇಕಾದ ವಾಕ್ಯಗಳು, ಇನ್ನೊಂದರಲ್ಲಿ ನಿಮಗೆ ಬಂದ ನಿಜವಾದ ಸ್ಪ್ಯಾಮ್. ಮೊದಲ ಫೈಲಿನ ಮೊದಲ ಸಾಲು ನಮ್ಮಲ್ಲಿ 'ಸಾಲೋಟಗಿಯ ಶಾಸನ' ಅಂತ ಇದೆ. ಪಟ್ಟಿಗೆ ಪದ ಸೇರಿಸಿದಾಗಲೆಲ್ಲ ಎರಡನ್ನೂ ಓಡಿಸಿ. ವಿಕಿಗೆ ಬರುವ ಬರಹವನ್ನು ಮೀಡಿಯಾವಿಕಿ ಎನ್‌ಎಫ್‌ಸಿ ರೂಪಕ್ಕೆ ತಂದಿರುತ್ತದೆ, ಅಂದರೆ ಬಿಡಿಬಿಡಿಯಾದ ಓತ್ವವನ್ನು ಒಂದೇ ಗುರುತು ಮಾಡಿರುತ್ತದೆ. ಪರೀಕ್ಷೆಯ ಫೈಲಿಗೆ ಅದನ್ನು ನೀವೇ ಮಾಡಿಕೊಳ್ಳಬೇಕು. ಪಿಎಚ್‌ಪಿಯ ನಾರ್ಮಲೈಸರ್ ಕ್ಲಾಸ್ ಅದಕ್ಕೇ ಇದೆ.

ಪ್ಲಗಿನ್ ಹಾಕಿದ ಮೊದಲ ತಿಂಗಳು ತಡೆಯುವ ಭಾಗವನ್ನು ನಿಲ್ಲಿಸಿಟ್ಟು ಟ್ಯಾಗ್ ಮಾತ್ರ ಹಾಕಿಸಿ. ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ ಇಡಿ. ವಾರಕ್ಕೊಮ್ಮೆ ಎಲ್ಲರೂ ಕೂತು ಟ್ಯಾಗ್ ಬಿದ್ದ ಎಡಿಟ್‌ಗಳನ್ನು ಓದಿ. ಒಳ್ಳೆಯ ಬರಹಕ್ಕೆ ಟ್ಯಾಗ್ ಬಿದ್ದಿದ್ದರೆ ಅದನ್ನು ಪರೀಕ್ಷೆಯ ಮೊದಲ ಫೈಲಿಗೆ ಸೇರಿಸಿ. ನಮಗೆ ಹೀಗೆ ಸಿಕ್ಕದ್ದು ಜಾತ್ರೆಯ ಪುಟಗಳು. ಜಾತ್ರಾ ಕಮಿಟಿಯವರ ಮೊಬೈಲ್ ನಂಬರ್ ಹಾಕುವುದು ನಮ್ಮ ಕಡೆ ರೂಢಿ, ಬರೆಯುವವರು ಹೊಸಬರು, ಅಲ್ಲಿಗೇ 3 ಅಂಕ. ಅಂಥ ಪುಟಕ್ಕೆ ಸಂಪರ್ಕದ ಸಾಲನ್ನು ಹಾಕಲು ಒಂದು ಟೆಂಪ್ಲೇಟ್ ಮಾಡಿಕೊಟ್ಟೆವು, ಅದರೊಳಗಿನ ನಂಬರಿಗೆ ಅಂಕ ಇಲ್ಲ.

ಲಾಗ್ ಫೈಲನ್ನು ವೆಬ್ ಫೋಲ್ಡರಿನ ಹೊರಗೆ ಇಡಿ. ತಡೆದ ಬರಹದಲ್ಲಿ ಜನರ ನಂಬರುಗಳು ಇರುತ್ತವೆ, ಅವು ಯಾರ ಕಣ್ಣಿಗೂ ಬೀಳಬಾರದು.

ಪರಿಚಿತರಿಗೆ, ಅಡ್ಮಿನ್‌ಗಳಿಗೆ ತಡೆಯಿಂದ ವಿನಾಯಿತಿ ಕೊಡಲು ಜೇಸನ್ ಫೈಲಿನಲ್ಲೇ ಒಂದು ಹೊಸ ಹಕ್ಕು ಘೋಷಿಸಿ ಆ ಗುಂಪುಗಳಿಗೆ ಕೊಡಿ. ಹುಕ್‌ನ ಮೊದಲ ಸಾಲಿನಲ್ಲೇ ಆ ಹಕ್ಕು ಇದೆಯೇ ನೋಡಿ, ಇದ್ದರೆ ಮುಂದಿನ ಕೆಲಸವೇ ಬೇಡ.

ಮೀಡಿಯಾವಿಕಿಯ 1.43 ದೀರ್ಘ ಬೆಂಬಲದ ಆವೃತ್ತಿ, ನಾವು ಅದರ ಮೇಲೆ ಇದ್ದೇವೆ. ಮುಂದಿನ ಆವೃತ್ತಿಗೆ ಹೋಗುವಾಗ ಲ್ಯಾಪ್‌ಟಾಪಿನ ಪ್ರತಿಯನ್ನು ಮೊದಲು ಏರಿಸಿ, ಹುಕ್‌ಗಳ ಹೆಸರು ಬದಲಾಗಿದೆಯೇ ನೋಡಿ, ಎರಡು ಫೈಲಿನ ಪರೀಕ್ಷೆ ಓಡಿಸಿ. ಆಮೇಲೆ ಹೊಸ ಖಾತೆಯೊಂದನ್ನು ತೆರೆದು ನೀವೇ ಮೊಬೈಲಿನಿಂದ ಸಾಲೋಟಗಿ, ಸಾಲಹಳ್ಳಿ, ಸೂಳೇಭಾವಿ ಅಂತ ಬರೆದು ಸೇವ್ ಒತ್ತಿ. ಮೂರೂ ಸೇವ್ ಆದ ಮೇಲೆಯೇ ಓಡುವ ವಿಕಿಯ ಮೇಲೆ ಹಾಕಿ.